ಮಳೆ ಸರಪಳಿಯಿಂದ ಗೋಡೆ ಒದ್ದೆಯಾಗುತ್ತಿದೆಯೇ? ಮೊದಲು ಮೇಲೆ ನೋಡಿ, ಆಮೇಲೆ ಕೆಳಗೆ

ಜೂನ್ ಎರಡನೇ ವಾರ ಸುರತ್ಕಲ್‌ನಿಂದ ಭಾವನ ಫೋನು ಬಂತು. "ನೀನು ಹೇಳಿದೆ ಅಂತ ಪೈಪು ತೆಗೆಸಿ ಸರಪಳಿ ಹಾಕಿಸಿದೆ ಮಾರಾಯ. ಈಗ ಸಿಟೌಟಿನಲ್ಲಿ ಕೂತ್ಕೊಳ್ಲಿಕ್ಕೆ ಕೊಡೆ ಬೇಕು!"

ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿಯಲ್ಲಿ. ಇಲ್ಲಿ ತೂಗುತ್ತಿರುವ ಮಳೆ ಸರಪಳಿ ನಾಲ್ಕು ಮಳೆಗಾಲ ಕಂಡಿದೆ. ಅದನ್ನು ನೋಡಿ ನೆಂಟರು ಒಬ್ಬೊಬ್ಬರಾಗಿ ಹಾಕಿಸಿಕೊಂಡರು. ಹುಚ್ಚು ಹಿಡಿಸಿದವನು ನಾನು, ಹಾಗಾಗಿ ದೂರುಗಳೂ ನನಗೇ ಬರುತ್ತವೆ. ಏಣಿ ಹತ್ತಿ ಇಳಿದು ನನಗೆ ಗೊತ್ತಾಗಿದ್ದು ಇಷ್ಟು: ಹತ್ತು ದೂರುಗಳಲ್ಲಿ ಎಂಟರಲ್ಲಿ ಸರಪಳಿಯದ್ದು ಏನೂ ತಪ್ಪಿಲ್ಲ. ತಪ್ಪು ಅದರ ಮೇಲೆ, ಮಾಡಿನ (ಛಾವಣಿಯ) ನೀರು ಹಿಡಿಯುವ ದೋಣಿಯಲ್ಲಿರುತ್ತದೆ, ಇಲ್ಲವೇ ಕೆಳಗೆ ನೀರು ಬೀಳುವ ಜಾಗದಲ್ಲಿರುತ್ತದೆ. ಆದರೆ ಎಲ್ಲರೂ ಮೊದಲು ಬದಲಾಯಿಸುವುದು ಸರಪಳಿಯನ್ನೇ. ದುಡ್ಡು ದಂಡ.

ಮಳೆ ಸರಪಳಿ ಗೊತ್ತಿಲ್ಲದವರಿಗೆ ಎರಡು ಮಾತು. ಮಾಡಿನ ಅಂಚಿಗೆ ಕಟ್ಟುವ ತಗಡಿನ ದೋಣಿಯಿಂದ (ವೆಲ್ಡಿಂಗಿನವರು ಗಟರ್ ಅನ್ನುತ್ತಾರೆ) ನೀರನ್ನು ಪಿವಿಸಿ ಪೈಪಿನಲ್ಲಿ ಇಳಿಸುವ ಬದಲು ಲೋಹದ ಸರಪಳಿಯ ಮೇಲೆ ಇಳಿಸುವುದು. ಬರೀ ಕೊಂಡಿಗಳದ್ದು ಒಂದು ಬಗೆ, ತೂತಿರುವ ಸಣ್ಣ ಸಣ್ಣ ಬಟ್ಟಲುಗಳನ್ನು ಒಂದರ ಕೆಳಗೊಂದು ಕೋದದ್ದು ಇನ್ನೊಂದು ಬಗೆ. ಜಪಾನಿನ ಮನೆ, ಮಂದಿರಗಳಲ್ಲಿ ಹಿಂದಿನಿಂದಲೂ ಇದೆ. ಅಲ್ಲಿ ಇದರ ಹೆಸರು ಕುಸರಿ ದೋಯಿ. ನಮ್ಮ ಕುಸುರಿಗೂ ಅದಕ್ಕೂ ಸಂಬಂಧ ಇಲ್ಲ, 'ಕುಸರಿ' ಅಂದರೆ ಜಪಾನಿ ಭಾಷೆಯಲ್ಲಿ ಸರಪಳಿ.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿರಲಿ. ಜಪಾನಿನ ಕ್ಯೋಟೊದಲ್ಲಿ ವರ್ಷಕ್ಕೆ ಸುಮಾರು 1500 ಮಿ.ಮೀ. ಮಳೆ. ಮಂಗಳೂರು, ಉಡುಪಿಯಲ್ಲಿ 3500 ದಾಟುತ್ತದೆ, ಅದರಲ್ಲೂ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಅಲ್ಲಿ ಸರಿಯಾದ ಅಳತೆ ಇಲ್ಲಿಗೂ ಸರಿಯಾಗಬೇಕು ಅಂತ ಇಲ್ಲ.

ಯಾವ ಮಳೆಗೆ?

ನಾನು ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಇದು. ಜಿಟಿಜಿಟಿ ಮಳೆಗೇ ನೀರು ಹೊರಗೆ ಚೆಲ್ಲುತ್ತದೋ, ಅಥವಾ ಧೋ ಅಂತ ಹೊಯ್ದಾಗ ಮಾತ್ರವೋ? ಅಥವಾ ಮಳೆ ಸಣ್ಣದಿದ್ದರೂ ಗಾಳಿ ಬಂದಾಗ ಮಾತ್ರವೋ?

ಸಣ್ಣ ಮಳೆಗೇ ಚೆಲ್ಲಿದರೆ ನೀರು ಸರಪಳಿಯನ್ನು ಮುಟ್ಟುತ್ತಲೇ ಇಲ್ಲ ಅಂತ ಅರ್ಥ. ಜೋರು ಮಳೆಗೆ ಮಾತ್ರ ಆದರೆ ಮಾಡು ದೊಡ್ಡದು, ಸರಪಳಿ ಚಿಕ್ಕದು, ಅಥವಾ ದೋಣಿ ಕಟ್ಟಿಕೊಂಡಿದೆ. ಗಾಳಿಗೆ ಮಾತ್ರ ಆದರೆ ಕೆಳತುದಿ ಸಡಿಲ, ಇಲ್ಲವೇ ಜಾಗವೇ ಸರಿ ಇಲ್ಲ.

ಇದು ಮನೆಯೊಳಗೆ ಕೂತು ಗೊತ್ತಾಗುವುದಿಲ್ಲ. ಕೊಡೆ ಹಿಡಿದು ಹೊರಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ. ದೋಣಿಯ ತೂತಿನ ಬುಡದಲ್ಲಿ ನೀರು ಹೇಗೆ ಬೀಳುತ್ತದೆ ಅನ್ನುವುದನ್ನೇ ನೋಡಿ, ಉಳಿದದ್ದು ಆಮೇಲೆ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ ಇನ್ನೂ ಒಳ್ಳೆಯದು. ಬರಿಗಣ್ಣಿಗೆ ಮಂಜಿನ ಹಾಗೆ ಕಾಣುವುದು ಅದರಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

ಮಳೆ ಇಲ್ಲದ ದಿನ ನೋಡಬೇಕಿದ್ದರೆ ಬಕೆಟ್ ಸಾಕು. ಲೆಕ್ಕ ಸುಲಭ: ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 20 ಚದರ ಮೀಟರ್ ಮಾಡಿಗೆ ಗಂಟೆಗೆ 60 ಮಿ.ಮೀ. ವೇಗದ ಮಳೆ ಬಂದರೆ ನಿಮಿಷಕ್ಕೆ 20 ಲೀಟರ್. ಅಂದರೆ 15 ಲೀಟರಿನ ಬಕೆಟ್ಟನ್ನು 45 ಸೆಕೆಂಡಿನಲ್ಲಿ ಸುರಿದರೆ ಅದೇ ಮಳೆ. ದೋಣಿಯ ಆಚೆ ತುದಿಯಲ್ಲಿ ಸುರಿಯಬೇಕು, ತೂತಿನ ಪಕ್ಕದಲ್ಲೇ ಅಲ್ಲ. ಒಬ್ಬರು ಏಣಿಯ ಮೇಲೆ, ಒಬ್ಬರು ಏಣಿ ಹಿಡಿಯಲಿಕ್ಕೆ, ಮತ್ತೊಬ್ಬರು ಕೆಳಗೆ ನೋಡಲಿಕ್ಕೆ. ಪಾಚಿ ಕಟ್ಟಿದ ಅಂಗಳದಲ್ಲಿ ಒಬ್ಬರೇ ಏಣಿ ಹತ್ತಬೇಡಿ.

ಸಣ್ಣ ಮಳೆಗೇ ಚೆಲ್ಲಿದರೆ

ಭಾವನ ಮನೆಯಲ್ಲಿ ಇದೇ ಆಗಿತ್ತು. ನಾನು ಹೋದಾಗ ಮಳೆ ಹನಿಯುತ್ತಿತ್ತು ಅಷ್ಟೆ. ಸರಪಳಿಯ ನಡುಭಾಗ ಹೆಚ್ಚುಕಮ್ಮಿ ಒಣಗಿತ್ತು, ಸುತ್ತಲೂ ನೀರಿನ ಪರದೆ! ಮೊದಲು ಅಲ್ಲಿ 4 ಇಂಚಿನ ಪಿವಿಸಿ ಪೈಪು ಇತ್ತು. ವೆಲ್ಡಿಂಗಿನವರು ಪೈಪು ಬಿಚ್ಚಿ, ಅದೇ ತೂತಿಗೆ ಅಡ್ಡಲಾಗಿ ಒಂದು ಸರಳು ಇಟ್ಟು, ಅದರ ನಡುವಿಗೆ ಸರಪಳಿ ತೂಗುಹಾಕಿದ್ದರು. ನೋಡಲು ಚಂದ. ಆದರೆ ನೀರು ತೂತಿನ ನಡುವಿನಿಂದ ಬೀಳುವುದಿಲ್ಲ, ಅಂಚು ಹಿಡಿದುಕೊಂಡು ಇಳಿಯುತ್ತದೆ. ಅಂಚಿಗೂ ಸರಪಳಿಗೂ ನಡುವೆ ಒಂದೂವರೆ ಇಂಚು ಖಾಲಿ ಜಾಗ. ಆ ನೀರು ಸರಪಳಿಯನ್ನು ಮುಟ್ಟುವುದಾದರೂ ಹೇಗೆ?

ಸರಪಳಿ ನೀರನ್ನು ಹೊರುವುದಿಲ್ಲ, ದಾರಿ ತೋರಿಸುತ್ತದೆ ಅಷ್ಟೆ. ನೀರಿಗೆ ಲೋಹದ ಮೈಗೆ ಅಂಟಿಕೊಂಡು ಹೋಗುವ ಗುಣ ಇದೆ. ಮೂತಿ ಇಲ್ಲದ ಪಾತ್ರೆಯಿಂದ ಚಹಾ ಬಗ್ಗಿಸುವಾಗ ಚಹಾ ಪಾತ್ರೆಯ ಹೊರಮೈಗೇ ಹರಿದು ಕೈ ಸುಡುತ್ತದೆ. ಅಂಚಿಗೆ ಒಂದು ಚಮಚ ಹಿಡಿದರೆ ಚಹಾ ಚಮಚದ ಮೇಲಿಂದ ನೇರ ಲೋಟಕ್ಕೆ ಇಳಿಯುತ್ತದೆ. ಮಳೆ ಸರಪಳಿ ಆ ಚಮಚ. ಚಮಚ ಪಾತ್ರೆಯ ಅಂಚಿಗೆ ತಾಗಿರಬೇಕು, ದೂರ ಹಿಡಿದರೆ ಉಪಯೋಗ ಇಲ್ಲ.

ಪರಿಹಾರ ದುಬಾರಿ ಅಲ್ಲ. 4 ಇಂಚಿನಿಂದ 2 ಇಂಚಿಗೆ ಇಳಿಸುವ ಪಿವಿಸಿ ರೆಡ್ಯೂಸರ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಚಂದ ಬೇಕಿದ್ದರೆ ತಗಡಿನ ಆಲಿಕೆ ಮಾಡಿಸಬಹುದು. ಅದನ್ನು ದೋಣಿಯ ತೂತಿಗೆ ಕೂರಿಸಿ, ಸುತ್ತ ಸಿಲಿಕಾನ್ ಹಚ್ಚಿ, ಸರಪಳಿಯ ಮೊದಲ ಬಟ್ಟಲು ಅದರ ಬಾಯಿಯ ಹತ್ತಿರವೇ ಇರುವಂತೆ ತೂಗುಹಾಕಿ. ಬಾಯಿ ಚಿಕ್ಕದಾದರೆ ನೀರು ಇಳಿಯಲು ಸಾಲುವುದಿಲ್ಲ ಅಂತ ಭಾವನಿಗೂ ಅನುಮಾನ ಬಂತು. ದೋಣಿಯಲ್ಲಿ 2 ಇಂಚು ನೀರು ನಿಂತರೆ 2 ಇಂಚಿನ ತೂತು ನಿಮಿಷಕ್ಕೆ 60 ಲೀಟರಿನಷ್ಟು ಬಿಡುತ್ತದೆ. ಒಂದು ಸರಪಳಿಗೆ ಅದು ಬೇಕಾದ್ದಕ್ಕಿಂತ ಜಾಸ್ತಿಯೇ.

ಸಣ್ಣ ಮಳೆಯ ಇನ್ನೊಂದು ಕಳ್ಳ ದೋಣಿಯ ಅಡಿಯಲ್ಲಿರುತ್ತದೆ. ನೀರು ತೂತಿನಿಂದ ಹೊರಗೆ ಬಂದು, ಕೆಳಗೆ ಬೀಳುವ ಬದಲು ದೋಣಿಯ ತಳಕ್ಕೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. ಪಕ್ಕಾಸಿನ (ಮಾಡು ಹೊರುವ ಮರದ ಪಟ್ಟಿಯ) ತುದಿ ಕಪ್ಪಾಗಿದ್ದರೆ, ಗೋಡೆಯ ಮೇಲ್ಭಾಗ ಮಾತ್ರ ಒದ್ದೆಯಾಗಿದ್ದರೆ ಇದೇ ಕಾರಣ. ನೋಡುವ ಉಪಾಯ: ಒಣ ದಿನ ದೋಣಿಯ ತಳಕ್ಕೆ ಸೀಮೆಸುಣ್ಣ ಒತ್ತಿ ಉಜ್ಜಿ, ಮೇಲಿನಿಂದ ಒಂದು ಬಕೆಟ್ ನೀರು ಬಿಡಿ. ನೀರು ಹೋದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ತೂತಿಗೆ ಕೆಳಮುಖವಾಗಿ ಎರಡು ಇಂಚಿನ ಮೂತಿ ಕೊಟ್ಟರೆ ಸರಿಯಾಗುತ್ತದೆ. ರೆಡ್ಯೂಸರ್ ಹಾಕಿದವರಿಗೆ ಆ ಮೂತಿ ತಾನಾಗಿಯೇ ಬಂದಿರುತ್ತದೆ.

ಜೋರು ಮಳೆಗೆ ಮಾತ್ರ ಚೆಲ್ಲಿದರೆ

ಮೊದಲು ಏಣಿ ಹತ್ತಿ ದೋಣಿಯೊಳಗೆ ಕೈ ಹಾಕಿ. ನಮ್ಮ ಕಡೆ ಮನೆಯ ಪಕ್ಕ ಒಂದು ಹಲಸಿನ ಮರ, ಎರಡು ತೆಂಗು ಇಲ್ಲದ ಮನೆ ಕಡಿಮೆ. ಹಲಸಿನ ಎಲೆ ದಪ್ಪ, ಚಪ್ಪಟೆ. ತೂತಿನ ಮೇಲೆ ಅಂಗಾತ ಕೂತರೆ ಮುಚ್ಚಳವೇ. ತೆಂಗಿನ ಹೂ, ಉದುರಿದ ಮಿಡಿ, ಹಂಚಿನ ಮೇಲಿನ ಪಾಚಿ ಎಲ್ಲ ಸೇರಿ ಅದರ ಹಿಂದೆ ಒಡ್ಡು ಕಟ್ಟುತ್ತವೆ. ಅನೇಕರು ಚಪ್ಪಟೆ ಜಾಳಿಗೆ ಹಾಕಿಸಿರುತ್ತಾರೆ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಒಂದು ಎಲೆ ಬಿದ್ದರೆ ಕಥೆ ಮುಗಿಯಿತು. ಚೆಂಡಿನ ಹಾಗೆ ಉಬ್ಬಿದ ಜಾಳಿಗೆ ಹಾಕಿ. ಎಲೆ ಒಂದು ಬದಿಗೆ ಅಂಟಿದರೂ ಉಳಿದ ಬದಿಯಿಂದ ನೀರು ಹೋಗುತ್ತದೆ.

ದೋಣಿ ಸ್ವಚ್ಛ ಇದ್ದೂ ಚೆಲ್ಲುತ್ತಿದ್ದರೆ ಇಳಿಜಾರು ನೋಡಿ. ಮೇಸ್ತ್ರಿಯ ಲೆವೆಲ್ ಪೈಪು ಇದ್ದರೆ ಐದು ನಿಮಿಷದ ಕೆಲಸ. ಹತ್ತು ಅಡಿಗೆ ಅರ್ಧ ಇಂಚಿನಷ್ಟು ತೂತಿನ ಕಡೆಗೆ ಇಳಿದಿರಬೇಕು. ಮಳೆ ನಿಂತು ಅರ್ಧ ಗಂಟೆಯಾದ ಮೇಲೂ ದೋಣಿಯಲ್ಲಿ ನೀರು ನಿಂತಿದ್ದರೆ ಅಲ್ಲಿ ಹೊಟ್ಟೆ ಬಿದ್ದಿದೆ ಅಂತ ಲೆಕ್ಕ, ಅಲ್ಲೊಂದು ಕ್ಲಾಂಪ್ ಜಾಸ್ತಿ ಬೇಕು.

ಇವೆರಡೂ ಸರಿ ಇದ್ದರೆ ಉಳಿಯುವುದು ಅಳತೆಯ ಸಮಸ್ಯೆ. ಇಲ್ಲಿ ಜನ ಒಂದು ತಪ್ಪು ಮಾಡುತ್ತಾರೆ. ಪತ್ರಿಕೆಯಲ್ಲಿ 'ಆರೆಂಜ್ ಅಲರ್ಟ್, 115.6 ಮಿ.ಮೀ.ಗಿಂತ ಹೆಚ್ಚು' ಅಂತ ಓದಿ, ಅದಕ್ಕೆ ತಕ್ಕಂತೆ ಸರಪಳಿ ಬೇಕು ಅನ್ನುತ್ತಾರೆ. ಅದು 24 ಗಂಟೆಯ ಲೆಕ್ಕ. 120 ಮಿ.ಮೀ. ಮಳೆ ಇಡೀ ದಿನ ಸಮನಾಗಿ ಬಿದ್ದರೆ ಗಂಟೆಗೆ ಬರೀ 5 ಮಿ.ಮೀ., ಯಾವ ಸರಪಳಿಯೂ ಹಾಡುತ್ತಾ ಇಳಿಸುತ್ತದೆ. ಆದರೆ ಆರ್ದ್ರಾ ಮಳೆ ಹಾಗೆ ಬರುವುದಿಲ್ಲ ಅಲ್ವಾ? 20 ನಿಮಿಷದಲ್ಲಿ 20 ಮಿ.ಮೀ. ಹೊಯ್ದು ನಿಲ್ಲುತ್ತದೆ. ಆಗ ವೇಗ ಗಂಟೆಗೆ 60 ಮಿ.ಮೀ. ಆ ಇಪ್ಪತ್ತು ನಿಮಿಷಕ್ಕೇ ನಾವು ಲೆಕ್ಕ ಹಾಕಬೇಕು.

ಭಾವನ ಮುಂದಿನ ಮಾಡು 30 ಅಡಿ ಉದ್ದ, 15 ಅಡಿ ಅಗಲ. (ಮಾಡಿನ ಇಳಿಜಾರನ್ನು ಅಳೆಯಬೇಡಿ, ಅದು ನೆಲದ ಮೇಲೆ ಮುಚ್ಚುವ ಜಾಗವನ್ನು ಅಳೆಯಿರಿ.) 450 ಚದರ ಅಡಿ, ಅಂದರೆ ಸುಮಾರು 42 ಚದರ ಮೀಟರ್. ಅಂಥ ಮಳೆಗೆ ನಿಮಿಷಕ್ಕೆ 42 ಲೀಟರ್ ನೀರು ಒಂದೇ ಸರಪಳಿಗೆ. ರೆಡ್ಯೂಸರ್ ಹಾಕಿದ ಮೇಲೆ ಸಣ್ಣ ಮಳೆಯ ದೂರು ನಿಂತಿತ್ತು, ಆದರೆ ಜೋರು ಮಳೆಗೆ ಬಟ್ಟಲುಗಳು ತುಂಬಿ ನಾಲ್ಕೂ ಕಡೆಗೆ ಎರಚುತ್ತಿದ್ದವು. ನನ್ನ ಅನುಭವದಲ್ಲಿ ಅಂಗೈ ಅಗಲದ ಬಟ್ಟಲಿನ ಒಂದು ಸರಪಳಿಗೆ 20 ಚದರ ಮೀಟರ್ ಮಾಡು ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ನೀರು ಕೆಳಗೇನೋ ಬರುತ್ತದೆ, ಆದರೆ ಗೋಡೆಗೂ ಬರುತ್ತದೆ. ಬರೀ ಕೊಂಡಿಯ ಸರಪಳಿಗೆ ಇನ್ನೂ ಕಡಿಮೆ. ಕೊಂಡಿ ಚಂದವೇ, ಆದರೆ ನಮ್ಮ ಮಳೆಗೆ ಬಟ್ಟಲೇ ಸರಿ.

ದೋಣಿಯ ಆಚೆ ತುದಿಯಲ್ಲಿ ಇನ್ನೊಂದು ತೂತು ಕೊರೆಸಿ ಅಲ್ಲಿಗೆ ಸಾದಾ ಪಿವಿಸಿ ಪೈಪು ಹಾಕಿಸಲು ಭಾವನಿಗೆ ಹೇಳಿದೆ. ದೋಣಿ ನಡುವಿನಿಂದ ಎರಡೂ ಕಡೆಗೆ ಇಳಿಯುವಂತೆ ಕ್ಲಾಂಪುಗಳನ್ನು ಸರಿಪಡಿಸಬೇಕಾಯಿತು. ಪೂರ್ತಿ ಅಲಂಕಾರವೇ ಬೇಕು ಅಂತ ಹಟ ಹಿಡಿದವರು ಎರಡು ಸರಪಳಿ ಹಾಕಬಹುದು. ಜೊತೆಗೆ ಇನ್ನೊಂದು ಕೆಲಸ ತಪ್ಪದೆ ಮಾಡಿಸಿ: ದೋಣಿಯ ಹೊರ ಅಂಚು ಒಳ ಅಂಚಿಗಿಂತ ಅರ್ಧ ಇಂಚಾದರೂ ಕೆಳಗಿರಲಿ. ದೋಣಿ ಎಂದಾದರೂ ತುಂಬಿ ಉಕ್ಕಿದರೆ ನೀರು ಅಂಗಳಕ್ಕೆ ಬೀಳುತ್ತದೆ, ಗೋಡೆಗಲ್ಲ. ದೋಣಿ ಕಟ್ಟುವವರು ಇದನ್ನು ನಾವು ಕೇಳದೆ ಮಾಡುವುದಿಲ್ಲ.

ಎರಡು ಮಾಡು ಕೂಡುವ ಮೂಲೆಯ ಕೆಳಗೆ ಸರಪಳಿ ಹಾಕಿದ್ದರೆ ಬೇರೆ ರೋಗ. ಅಲ್ಲಿ ಎರಡೂ ಮಾಡಿನ ನೀರು ಒಟ್ಟಾಗಿ ರಭಸದಿಂದ ಬಂದು ದೋಣಿಯನ್ನೇ ಹಾರಿ ಆಚೆ ಬೀಳುತ್ತದೆ. ಸರಪಳಿ ಪಾಪ ಸುಮ್ನೆ ನೋಡುತ್ತಿರುತ್ತದೆ. ಆ ಮೂಲೆಯಲ್ಲಿ ದೋಣಿಯ ಹೊರ ಅಂಚಿಗೆ ಅಡ್ಡ ತಗಡು ನಿಲ್ಲಿಸಿ.

ಗಾಳಿಗೆ ಕುಣಿಯುವ ಸರಪಳಿ

ನಮ್ಮ ಮಳೆಗಾಲದ ಗಾಳಿ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ಪಡುಮುಖದ ಮನೆಯಲ್ಲಿ ಎದುರಿಗೇ ಸರಪಳಿ ತೂಗುಹಾಕಿದರೆ ಗಾಳಿ ಅದರ ನೀರನ್ನು ಸೀದಾ ಚಾವಡಿಗೆ ತಳ್ಳುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಇದಕ್ಕೆ ಪೂರ್ತಿ ಮದ್ದಿಲ್ಲ. ಜಾಗ ಬದಲಾಯಿಸಬೇಕು.

ಬೇರೆ ದಿಕ್ಕಿನಲ್ಲಿದ್ದೂ ಕುಣಿಯುತ್ತಿದ್ದರೆ ಕೆಳತುದಿ ನೋಡಿ. ಕೆಳಗೆ ಕಟ್ಟದೆ ಬಿಟ್ಟ ಸರಪಳಿ ತೊಟ್ಟಿಲಿನ ಹಾಗೆ ತೂಗುತ್ತದೆ. ಕಾಂಕ್ರೀಟಿನಲ್ಲಿ ಒಂದು ಕೊಕ್ಕೆ ಹೂತು ಅದಕ್ಕೆ ಸಿಕ್ಕಿಸಿ. ಬಿಗಿ ಎಷ್ಟಿರಬೇಕು ಅಂದರೆ, ಕೈಯಿಂದ ತಳ್ಳಿದರೆ ಎರಡು ಇಂಚು ಹೋಗಿ ವಾಪಸ್ ಬರಬೇಕು. ವೀಣೆಯ ತಂತಿಯ ಹಾಗೆ ಎಳೆದು ಕಟ್ಟಬೇಡಿ, ದೋಣಿಯ ಕ್ಲಾಂಪು ಕಿತ್ತು ಬರುತ್ತದೆ. ಅಲ್ಯೂಮಿನಿಯಂ ಸರಪಳಿ ಹಗುರ, ಕಟ್ಟಿದರೂ ನಡುವಿನಲ್ಲಿ ಅಲುಗುತ್ತದೆ. ಗೋಡೆಯಿಂದ ಒಂದೂವರೆ ಅಡಿಯಾದರೂ ದೂರ ಇರಲಿ. ಹಳೆಯ ಹಂಚಿನ ಮನೆಗಳಲ್ಲಿ ಸೂರು ಮುಂದೆ ಚಾಚಿರುವುದರಿಂದ ಇದು ಸಲೀಸು. ಈಗಿನ ತಾರಸಿ ಮನೆಗಳಲ್ಲಿ ಆ ಚಾಚು ಇಲ್ಲ, ತೊಂದರೆ ಶುರುವಾಗುವುದೇ ಅಲ್ಲಿ.

ಎರಡು ಅಂತಸ್ತಿನ ಎತ್ತರದಿಂದ ಸರಪಳಿ ಇಳಿಸಬೇಡಿ ಅಂತಲೇ ನನ್ನ ಸಲಹೆ. ಹತ್ತಡಿ ಚೆನ್ನ. ಇಪ್ಪತ್ತು ಅಡಿಯಲ್ಲಿ ಅರ್ಧ ನೀರು ದಾರಿಯಲ್ಲೇ ಗಾಳಿಪಾಲು.

ಸರಪಳಿಯದ್ದೇ ತಪ್ಪಿದ್ದರೆ

ಇದೂ ಇಲ್ಲದಿಲ್ಲ. ಮೇಲಿನ ಮೂರ್ನಾಲ್ಕು ಬಟ್ಟಲು ಸರಿ ಇದ್ದು, ಒಂದೇ ಒಂದು ಬಟ್ಟಲಿನಿಂದ ನೀರು ಒಂದು ಬದಿಗೆ ಚಿಮ್ಮುತ್ತಿದ್ದರೆ ಆ ಬಟ್ಟಲು ಓರೆಯಾಗಿದೆ ಅಥವಾ ಅದರ ತೂತು ಕಟ್ಟಿದೆ. ಬೇಸಿಗೆಯಲ್ಲಿ ಒಣಗಿದ ಬಟ್ಟಲು ಕಂಡರೆ ಕುಂಬಾರ ಹುಳಕ್ಕೆ ಖುಷಿ, ಒಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ನಮ್ಮ ಮನೆಯಲ್ಲಿ ಒಂದು ವರ್ಷ ಐದು ಬಟ್ಟಲಿನಲ್ಲಿ ಗೂಡಿತ್ತು. ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ತೆಗೆದೆ.

ಕಲೆ, ತುಕ್ಕು, ಹಸಿರು

ಕಬ್ಬಿಣದ ಸರಪಳಿಗೆ ಬಣ್ಣ ಬಳಿದು ಹಾಕಿದವರು ಎರಡನೇ ಮಳೆಗಾಲಕ್ಕೆ ಕೆಂಪು ಕಲೆ ನೋಡುತ್ತಾರೆ. ಉಪ್ಪಿನ ಗಾಳಿಯ ಮುಂದೆ ಬಣ್ಣ ನಿಲ್ಲುವುದಿಲ್ಲ. ಸ್ಟೀಲಿನದ್ದಾದರೂ ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲ ದಂಡೆಯಲ್ಲಿ 304 ದರ್ಜೆಯದ್ದಕ್ಕೆ ಕಂದು ಚುಕ್ಕೆ ಬರುತ್ತದೆ, 316 ಬಾಳಿಕೆ ಜಾಸ್ತಿ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸಿ "ನೋಡಿ ಸರ್, ಅಂಟುವುದಿಲ್ಲ, ಅಸಲಿ" ಅಂದರೆ ನಂಬಬೇಡಿ. ಆ ಪರೀಕ್ಷೆಯಲ್ಲಿ 304, 316ರ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ತಾಮ್ರ ಮೊದಲು ಕಂದು, ಆಮೇಲೆ ನಿಧಾನಕ್ಕೆ ಹಸಿರಾಗುತ್ತದೆ. ಅದು ದೋಷ ಅಲ್ಲ, ತಾಮ್ರದ ಸ್ವಭಾವ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಮಾಡಬಹುದು, ಆದರೆ ಎಷ್ಟು ಸಲ? ನಿಜವಾದ ದೋಷ ಬೇರೆ. ತಾಮ್ರದ ಸರಪಳಿಯನ್ನು ಅಲ್ಯೂಮಿನಿಯಂ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣದ) ದೋಣಿಗೆ ನೇರ ತಾಗಿಸಿ ತೂಗುಹಾಕಿದರೆ, ಎರಡು ಲೋಹ ತಾಗುವ ಜಾಗದಲ್ಲಿ ನೀರೂ ಉಪ್ಪೂ ಸೇರಿ ದೋಣಿಯನ್ನು ತಿನ್ನುತ್ತವೆ. ತೂತಿನ ಸುತ್ತ ಬಿಳಿ ಪುಡಿ ಕಂಡರೆ ಇದೇ. ನಡುವೆ ರಬ್ಬರ್ ಪಟ್ಟಿ ಕೊಡಿ, ಅಥವಾ ಸರಪಳಿಯನ್ನು ಪಿವಿಸಿ ರೆಡ್ಯೂಸರಿನಿಂದಲೇ ತೂಗುಹಾಕಿ. ತಾಮ್ರದ ಮೇಲಿಂದ ಇಳಿದ ನೀರು ಕೆಳಗೆ ಅಲ್ಯೂಮಿನಿಯಂ ಶೀಟಿನ ಮೇಲೆ ಬೀಳುವುದೂ ಬೇಡ.

ಕೆಳಗೆ ಬಿದ್ದ ನೀರು

ಗೋಡೆಯ ಬುಡದಲ್ಲಿ ಎರಡು ಅಡಿ ಎತ್ತರದವರೆಗೆ ಕೆಂಪು ಕೆಸರಿನ ಚುಕ್ಕೆ ಇದ್ದರೆ ಸರಪಳಿಯನ್ನು ಮರೆತುಬಿಡಿ, ನೆಲ ನೋಡಿ. ಬರಿ ಮಣ್ಣಿಗೆ ಬಿದ್ದ ನೀರು ಹೊಂಡ ಮಾಡಿ ಕೆಸರು ಎರಚುತ್ತದೆ. ಸಿಮೆಂಟಿನ ನೆಲಕ್ಕೆ ಬಿದ್ದದ್ದು ಕೆಸರಿಲ್ಲದೆ ಎರಚುತ್ತದೆ, ಅಷ್ಟೇ ವ್ಯತ್ಯಾಸ. ಗಾರೆ ಮಾಡದ ಮುರಕಲ್ಲಿನ ಗೋಡೆಯಾದರೆ ಆ ನೀರನ್ನು ಹೀರಿ ಒಳಗೂ ತೇವ ತರುತ್ತದೆ.

ಎರಡು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆದು ಮುಷ್ಟಿ ಗಾತ್ರದ ಹೊಳೆಕಲ್ಲು ತುಂಬಿ. ಸಣ್ಣ ಜಲ್ಲಿ ಬೇಡ, ರಭಸಕ್ಕೆ ಹಾರಿ ಚೆಲ್ಲಾಪಿಲ್ಲಿಯಾಗುತ್ತದೆ. ಗುಂಡಿಯಿಂದ ನೀರು ಹೊರಹೋಗಲು ಕಣಿ ಬೇಕು, ಆ ಕಣಿ ಮನೆಯಿಂದ ದೂರ ಇಳಿಯಬೇಕು. ಬಾವಿಗೆ ಬಿಡುವುದಾದರೆ ನಡುವೆ ಮರಳು, ಇದ್ದಿಲಿನ ಸೋಸುವ ತೊಟ್ಟಿ ಇರಲಿ. ಮೊದಲ ಮಳೆಗಳ ನೀರು ಬೇಡ, ಅದರಲ್ಲಿ ಮಾಡಿನ ಆರು ತಿಂಗಳ ಧೂಳು, ಹಕ್ಕಿಯ ಹಿಕ್ಕೆ ಇರುತ್ತದೆ.

ಕೆಲವರು ಕೆಳಗೆ ತಾಮ್ರದ ಹಂಡೆ ಅಥವಾ ಕಲ್ಲಿನ ಮರಿಗೆ ಇಡುತ್ತಾರೆ. ಫೋಟೊಗೆ ಬಹಳ ಚಂದ. ಆದರೆ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ನಡುನಡುವೆ ನಾಲ್ಕು ದಿನ ಬಿಸಿಲು ಬಿದ್ದಾಗ ಆ ನೀರು ಹಾಗೇ ನಿಲ್ಲುತ್ತದೆ. ಮಂಗಳೂರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಬೇಕಾದ್ದು ಇಂಥ ಶುದ್ಧ ನಿಂತ ನೀರೇ. ಡೆಂಗಿ ಸೊಳ್ಳೆಗೂ ಅಷ್ಟೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹಂಡೆಯ ತಳಕ್ಕೆ ತೂತು ಕೊರೆಸಿ, ಇಲ್ಲವೇ ಬಾಯಿವರೆಗೆ ಕಲ್ಲು ತುಂಬಿ ನೀರು ಮೇಲೆ ಕಾಣದ ಹಾಗೆ ಮಾಡಿ.

ಸುತ್ತಲಿನ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಸರಪಳಿಗೆ ತಾಗದಂತೆ ನೋಡಿಕೊಳ್ಳಿ. ಅದರ ಕ್ಲೋರಿನ್ ಸ್ಟೀಲಿಗೂ ಒಳ್ಳೆಯದಲ್ಲ, ತಾಮ್ರಕ್ಕೂ ಒಳ್ಳೆಯದಲ್ಲ.

ಸರಪಳಿ ಅಲ್ಲದವು

ಅಡಿಕೆ ಮರದ ದಂಬೆ (ಮರ ಸೀಳಿ ಮಾಡಿದ ದೋಣಿ) ಇಟ್ಟವರಿಗೆ ಬರುವ ದೂರು ಒಂದೇ: ಒಳಮೈ ಕೊಳೆತು ನಡುವಿನಿಂದ ಸೋರುವುದು. ರಿಪೇರಿ ಮಾಡಬೇಡಿ, ಬದಲಾಯಿಸಿ. ಹಿಂದಿನವರೂ ಅದನ್ನೇ ಮಾಡುತ್ತಿದ್ದರು. ತಾರಸಿಗೆ ಸಿಂಹದ ಮುಖ, ಗೋಮುಖ ಕೂರಿಸಿದವರ ನೀರು ಗೋಡೆಗೆ ಇಳಿಯುತ್ತಿದ್ದರೆ ಮುಖದ ಕೆಳತುಟಿ ನೋಡಿ. ಅಡಿಯಲ್ಲಿ ಒಂದು ಸಣ್ಣ ಗೀರು ಇಲ್ಲದಿದ್ದರೆ ನೀರು ತುಟಿಯಿಂದ ಗಲ್ಲಕ್ಕೆ, ಗಲ್ಲದಿಂದ ಗೋಡೆಗೆ ಹೋಗುತ್ತದೆ. ಕಲ್ಲು ಕಟ್ಟರಿನಿಂದ ತುಟಿಯ ಅಡಿಗೆ ಅಡ್ಡಲಾಗಿ ಕಾಲಿಂಚು ಆಳದ ಗೀರು ಹಾಕಿಸಿದರೆ ನೀರು ಅಲ್ಲೇ ಕಳಚಿ ಬೀಳುತ್ತದೆ.

ಇದನ್ನೆಲ್ಲ ನೋಡಲು ಸರಿಯಾದ ಕಾಲ ಮೇ ತಿಂಗಳು, ಪತ್ತನಾಜೆಯ (ತುಳುನಾಡಿನಲ್ಲಿ ಕೋಲ, ಯಕ್ಷಗಾನಗಳು ಮುಗಿಯುವ ದಿನ) ಮೊದಲು. ಆಮೇಲೆ ವೆಲ್ಡಿಂಗಿನವರು ಸಿಗುವುದಿಲ್ಲ, ಸಿಕ್ಕರೂ "ಮಳೆ ಬಿಡ್ಲಿ ಮಾರಾಯ್ರೆ" ಅನ್ನುತ್ತಾರೆ.

ಭಾವನ ಮನೆಯಲ್ಲಿ ಎರಡನೇ ತೂತು ಕೊರೆದ ಮೇಲೂ ಗಾಳಿಯ ದಿನ ಸಿಟೌಟ್ ಒದ್ದೆಯೇ. ಪಡುಮುಖ, ಕಡಲು ಕೂಗಳತೆಯಲ್ಲಿ. ಕೊನೆಗೆ ಎದುರಿಗೆ ಎರಡೂ ಕಡೆ ಪಿವಿಸಿ ಹಾಕಿಸಿದರು. ಸರಪಳಿ ಹಿತ್ತಲಿಗೆ ಹೋಯಿತು, ಬಾವಿಕಟ್ಟೆಯ ಪಕ್ಕದ ಬಚ್ಚಲಿನ ಸಣ್ಣ ಮಾಡಿಗೆ. ಅಲ್ಲಿ ಗಾಳಿ ಇಲ್ಲ, ನೀರೂ ಕಡಿಮೆ. ಈಗ ಅಕ್ಕ ಅಡುಗೆಮನೆಯ ಕಿಟಕಿ ತೆರೆದಿಟ್ಟೇ ಕೆಲಸ ಮಾಡುತ್ತಾಳಂತೆ.